ರಾಯಚೂರು ಜಿಲ್ಲೆಯಲ್ಲಿ ಅಂತರ್ಜಾಲ ಚಿಲ್ಲರೆ ವ್ಯಾಪಾರ: ಸರಬರಾಜು ಸರಪಳಿ ಮತ್ತು ವ್ಯವಹಾರ ಕ್ರಮ

ಪೀಠಿಕೆ

ವ್ಯಾಪಾರದ ಚರಿತ್ರೆಯು ಬಹುಮಟ್ಟಿಗೆ ದೂರವನ್ನು ಗೆಲ್ಲುವ ಪ್ರಯತ್ನಗಳ ಚರಿತ್ರೆಯಾಗಿದೆ. ಹೇರೆತ್ತು, ಚಕ್ಕಡಿ, ರೈಲು, ಲಾರಿ ಇವೆಲ್ಲ ಸರಕನ್ನು ಅದು ಹುಟ್ಟುವ ಎಡೆಯಿಂದ ಬಳಕೆಯಾಗುವ ಎಡೆಗೆ ಸಾಗಿಸುವ ವೆಚ್ಚವನ್ನು ತಗ್ಗಿಸುತ್ತಲೇ ಬಂದ ಸಾಧನಗಳು. ಅಂತರ್ಜಾಲದ ಮೂಲಕ ನಡೆಯುವ ಚಿಲ್ಲರೆ ವ್ಯಾಪಾರವು ಈ ಸಾಲಿನಲ್ಲಿ ಇತ್ತೀಚಿನದು. ಮೊಬೈಲ್ ಪರದೆಯ ಮೇಲೆ ದೆಹಲಿಯ ಅಂಗಡಿಯೂ ದೇವದುರ್ಗದ ಗ್ರಾಹಕನೂ ಎದುರುಬದುರಾಗಿ ನಿಂತಂತೆ ತೋರುವುದರಿಂದ, ದೂರವೆಂಬುದು ಅಳಿದೇಹೋಯಿತೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಪರದೆಯ ಮೇಲೆ ಸಾಗುವುದು ಬೇಡಿಕೆ ಮತ್ತು ಹಣ ಮಾತ್ರ. ವಸ್ತುವು ರಸ್ತೆಯ ಮೇಲೆಯೇ ಬರಬೇಕು. ಆ ರಸ್ತೆಯ ವೆಚ್ಚವನ್ನು ಯಾರು ಹೊರುತ್ತಾರೆ ಎಂಬ ಪ್ರಶ್ನೆಯು ಈ ವ್ಯಾಪಾರವನ್ನು ಅರಿಯಲು ಮುಖ್ಯವಾದುದು. ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಎಂಬ ಮೂರು ನೆಲೆಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಪ್ರದೇಶದ ಸ್ವರೂಪ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ಭೂಭಾಗವನ್ನು ಶಾಸನಗಳು 'ಎಡೆದೊರೆ ಎರಡುಸಾಸಿರ' ಎಂದು ಕರೆದಿವೆ. ಎರಡು ಹೊಳೆಗಳ ನಡುವಿನ ನಾಡೆಂಬ ಈ ಹೆಸರು ಸಾಗಾಟದ ದೃಷ್ಟಿಯಿಂದ ಇಂದಿಗೂ ಅರ್ಥಪೂರ್ಣವಾಗಿದೆ. ರಾಯಚೂರಿನಿಂದ ಉತ್ತರಕ್ಕೆ ಕೃಷ್ಣೆಯನ್ನು ದಾಟಿದರೆ ತೆಲಂಗಾಣ, ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿದರೆ ಆಂಧ್ರಪ್ರದೇಶ. ರಾಜ್ಯದ ರಾಜಧಾನಿ ಬೆಂಗಳೂರು ಸುಮಾರು ನಾಲ್ಕು ನೂರು ಕಿಲೋಮೀಟರ್ ದೂರದಲ್ಲಿದ್ದರೆ, ಹೈದರಾಬಾದು ಅದರ ಅರ್ಧದಷ್ಟು ದೂರದಲ್ಲಿದೆ. 1948ರವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದು, 1956ರ ಭಾಷಾವಾರು ಪುನರ್ವಿಂಗಡಣೆಯಲ್ಲಿ ಕನ್ನಡನಾಡಿಗೆ ಬಂದ ಈ ಜಿಲ್ಲೆಯ ವ್ಯಾಪಾರ ಸಂಬಂಧಗಳು ಹಿಂದಿನಿಂದಲೂ ಹೈದರಾಬಾದಿನ ಕಡೆಗೆ ವಾಲಿದ್ದುದು ಸಹಜವೇ ಆಗಿದೆ.

1871ರಲ್ಲಿ ಮುಂಬಯಿಯಿಂದ ಬಂದ ರೈಲುಮಾರ್ಗ ಮತ್ತು ಮದರಾಸಿನಿಂದ ಬಂದ ರೈಲುಮಾರ್ಗ ಕೂಡಿಕೊಂಡದ್ದು ರಾಯಚೂರಿನಲ್ಲಿಯೇ. ಅಂದಿನಿಂದ ನಗರವು ಹತ್ತಿ, ಎಣ್ಣೆಕಾಳು, ಧಾನ್ಯಗಳ ದೊಡ್ಡ ಪೇಟೆಯಾಗಿ ಬೆಳೆಯಿತು. ರಾಜೇಂದ್ರ ಗಂಜ್‌ನ ಅಡತಿ ಅಂಗಡಿಗಳು, ದಲಾಲರು, ಹಮಾಲರು ಈ ಬೆಳವಣಿಗೆಯ ಫಲ. ಆದರೆ ರೈಲಿನ ಅನುಕೂಲವು ತಾಲ್ಲೂಕು ಕೇಂದ್ರಗಳಿಗೆ ಅದೇ ಪ್ರಮಾಣದಲ್ಲಿ ಹರಿಯಲಿಲ್ಲ. ದೇವದುರ್ಗಕ್ಕೆ ರೈಲಿಲ್ಲ. ಮಹಬೂಬನಗರ–ಮುನಿರಾಬಾದ್ ಮಾರ್ಗವು ಮಾನ್ವಿಯ ಮೂಲಕ ಹಾದುಹೋಗುವ ಯೋಜನೆ 1990ರ ದಶಕದಲ್ಲಿ ಮಂಜೂರಾದುದಾದರೂ, 2024ರಲ್ಲಿ ಸಿಂಧನೂರಿಗೆ ರೈಲು ತಲುಪಿದಾಗ ಮಾನ್ವಿಯ ಭಾಗ ಇನ್ನೂ ಬಾಕಿಯಿತ್ತು. ಹೀಗಾಗಿ ರಾಯಚೂರಿನಿಂದ ಮಾನ್ವಿಗೆ ಸುಮಾರು ನಲವತ್ತೈದು, ದೇವದುರ್ಗಕ್ಕೆ ಸುಮಾರು ಐವತ್ತೈದು ಕಿಲೋಮೀಟರ್ ದೂರವನ್ನು ಎಲ್ಲ ಸರಕೂ ರಸ್ತೆಯ ಮೇಲೆಯೇ ಕ್ರಮಿಸಬೇಕಾಗಿದೆ.

ಎರಡು ತಾಲ್ಲೂಕುಗಳ ಆರ್ಥಿಕ ಸ್ಥಿತಿಯಲ್ಲಿಯೂ ವ್ಯತ್ಯಾಸವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಮಾನ್ವಿ ಭತ್ತದ ನಾಡಾಗಿದೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಮೇಲೂ ದೇವದುರ್ಗದ ದೊಡ್ಡ ಭಾಗ ಮಳೆಯನ್ನು ನಂಬಿದೆ. ಕೆಲಸವಿಲ್ಲದ ತಿಂಗಳುಗಳಲ್ಲಿ ಅಲ್ಲಿನ ಕುಟುಂಬಗಳು ಬೆಂಗಳೂರು ಮೊದಲಾದ ಊರುಗಳಿಗೆ ಗುಳೆ ಹೋಗುವುದುಂಟು. ಕೊಳ್ಳುವವರ ಕೈಯಲ್ಲಿ ಹಣ ಯಾವಾಗ ಇರುತ್ತದೆ, ಅವರು ಊರಲ್ಲಿ ಯಾವಾಗ ಇರುತ್ತಾರೆ ಎಂಬ ಎರಡೂ ಸಂಗತಿಗಳು ಇಲ್ಲಿನ ವ್ಯಾಪಾರವನ್ನು ನಿರ್ಧರಿಸುತ್ತವೆ.

ಅಂತರ್ಜಾಲ ವ್ಯಾಪಾರದ ಆಗಮನ

ಮನೆಬಾಗಿಲಿಗೆ ವಸ್ತು ತರಿಸಿಕೊಂಡು ಅಲ್ಲಿಯೇ ಹಣ ತೆರುವ ಪದ್ಧತಿ ಹೊಸದಲ್ಲ. ಭಾರತದ ಅಂಚೆ ಇಲಾಖೆ 1877ರಲ್ಲಿಯೇ ವಿ.ಪಿ.ಪಿ. ವ್ಯವಸ್ಥೆಯನ್ನು ಆರಂಭಿಸಿತು. ಪುಸ್ತಕ, ಪಂಚಾಂಗ, ಔಷಧಿಗಳನ್ನು ಹೀಗೆ ತರಿಸಿಕೊಳ್ಳುವುದು ಕನ್ನಡಿಗರಿಗೆ ಬಹುಕಾಲದ ರೂಢಿ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಸಂಸ್ಥೆಯು 2010ರಲ್ಲಿ 'ಕ್ಯಾಶ್ ಆನ್ ಡೆಲಿವರಿ' ಕ್ರಮವನ್ನು ತಂದಾಗ, ಈ ಹಳೆಯ ರೂಢಿಯನ್ನೇ ಹೊಸ ಮಾಧ್ಯಮಕ್ಕೆ ಅಳವಡಿಸಿತೆನ್ನಬಹುದು. ಬ್ಯಾಂಕ್ ಕಾರ್ಡ್ ಇಲ್ಲದವರಿಗೂ, ಕಾಣದ ವ್ಯಾಪಾರಿಯನ್ನು ನಂಬದವರಿಗೂ ಇದರಿಂದ ಬಾಗಿಲು ತೆರೆಯಿತು. 2013ರಲ್ಲಿ ಅಮೆಜಾನ್ ಭಾರತದ ಮಾರುಕಟ್ಟೆಯನ್ನು ಪ್ರವೇಶಿಸಿತು. 2015ರಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪಿತವಾದ ಮೀಶೋ ಸಂಸ್ಥೆಯು ಸಣ್ಣ ಊರುಗಳ ಅಗ್ಗದ ಬಟ್ಟೆ ಮತ್ತು ಗೃಹಬಳಕೆಯ ವಸ್ತುಗಳ ಬೇಡಿಕೆಯನ್ನು ಗುರಿಯಾಗಿಸಿಕೊಂಡಿತು.

2016ನೆಯ ವರ್ಷವು ಈ ಬೆಳವಣಿಗೆಯಲ್ಲಿ ನಿರ್ಣಾಯಕವಾದುದು. ಏಪ್ರಿಲ್‌ನಲ್ಲಿ ಯು.ಪಿ.ಐ. ಪಾವತಿ ವ್ಯವಸ್ಥೆ, ಸೆಪ್ಟೆಂಬರ್‌ನಲ್ಲಿ ಜಿಯೋ ಸಂಸ್ಥೆಯ ಅಗ್ಗದ ಮೊಬೈಲ್ ಅಂತರ್ಜಾಲ, ನವೆಂಬರ್‌ನಲ್ಲಿ ನೋಟು ಅಮಾನ್ಯೀಕರಣ ಒಂದರ ಹಿಂದೊಂದು ಬಂದವು. 2020ರ ಕೊರೋನಾ ದಿಗ್ಬಂಧನದ ಅನುಭವವೂ ಉಲ್ಲೇಖಾರ್ಹ. ಆ ವರ್ಷದ ಮೇ 4ರಿಂದ ಜಾರಿಗೆ ಬಂದ ವಿಂಗಡಣೆಯಲ್ಲಿ ಕೆಂಪು ವಲಯದ ನಗರಗಳಿಗೆ ಅಂತರ್ಜಾಲದ ಮೂಲಕ ಅಗತ್ಯ ವಸ್ತುಗಳನ್ನು ಮಾತ್ರ ತರಿಸಲು ಅವಕಾಶವಿದ್ದರೆ, ಹಸಿರು ವಲಯದಲ್ಲಿದ್ದ ರಾಯಚೂರಿಗೆ ಆ ನಿರ್ಬಂಧವಿರಲಿಲ್ಲ. ಆದರೆ ಸರಕು ಹೊರಡಬೇಕಾದ ಬೆಂಗಳೂರು, ಹೈದರಾಬಾದುಗಳು ಕೆಂಪು ವಲಯದಲ್ಲಿದ್ದವು. ಅನುಮತಿಯಿದ್ದರೂ ಮೂಲದಲ್ಲಿ ಚಲನೆಯಿಲ್ಲದಿದ್ದರೆ ಸರಪಳಿ ಕೆಲಸ ಮಾಡುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸರಬರಾಜು ಸರಪಳಿ ಮತ್ತು ಕೊನೆಯ ಹಂತ

ಅಂತರ್ಜಾಲ ವ್ಯಾಪಾರದ ಸರಬರಾಜು ಸರಪಳಿಯು ಸಾಮಾನ್ಯವಾಗಿ ನಾಲ್ಕು ಹಂತಗಳನ್ನು ಒಳಗೊಂಡಿರುತ್ತದೆ: ಮಾರಾಟಗಾರನ ಸರಕು ಸೇರುವ ದೊಡ್ಡ ಗೋದಾಮು, ವಿಂಗಡಣಾ ಕೇಂದ್ರ, ಜಿಲ್ಲಾ ಕೇಂದ್ರದ ವಿತರಣಾ ಕೋಠಿ, ಕೊನೆಯದಾಗಿ ಗ್ರಾಹಕನ ಮನೆ. ದೊಡ್ಡ ಗೋದಾಮುಗಳು ಹೊಸಕೋಟೆ, ಮಾಲೂರು, ಶಂಷಾಬಾದ್‌ಗಳಂತಹ ಮಹಾನಗರದ ಹೊರವಲಯಗಳಲ್ಲಿವೆ. ಅಲ್ಲಿಂದ ಜಿಲ್ಲಾ ಕೇಂದ್ರದವರೆಗೆ ಸಾವಿರಾರು ಪಾರ್ಸೆಲ್‌ಗಳು ಒಂದೇ ಲಾರಿಯಲ್ಲಿ ಬರುವುದರಿಂದ ಒಂದೊಂದಕ್ಕೆ ತಗಲುವ ವೆಚ್ಚ ಅಲ್ಪ. ಮುಂದಿನ ಐವತ್ತು ಕಿಲೋಮೀಟರಿನಲ್ಲಿ ಲೆಕ್ಕವು ತಲೆಕೆಳಗಾಗುತ್ತದೆ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ರಾಯಚೂರಿನಿಂದ ದೇವದುರ್ಗಕ್ಕೆ ಹೋಗಿಬರಲು ಒಂದು ಸಣ್ಣ ವಾಹನಕ್ಕೆ ಇಂಧನ ಮತ್ತು ಕೂಲಿ ಸೇರಿ 1,500 ರೂಪಾಯಿ ತಗಲುವುದೆಂದಿಟ್ಟುಕೊಂಡರೆ, ನೂರು ಪಾರ್ಸೆಲ್‌ಗಳಿದ್ದಾಗ ತಲಾ 15 ರೂಪಾಯಿ ಬೀಳುತ್ತದೆ. ಇಪ್ಪತ್ತೇ ಇದ್ದರೆ ಅದು 75 ರೂಪಾಯಿಯಾಗುತ್ತದೆ. ಆ ಇಪ್ಪತ್ತರಲ್ಲಿ ನಾಲ್ಕನ್ನು ಗ್ರಾಹಕರು ಸ್ವೀಕರಿಸದೆ ಹೋದರೆ, ಮಾರಾಟವಾದ ಹದಿನಾರರ ಮೇಲೆ ತಲಾ 94 ರೂಪಾಯಿಯಷ್ಟು ಹೊರೆ ಬೀಳುತ್ತದೆ. ಮುನ್ನೂರು ರೂಪಾಯಿಯ ಅಂಗಿಗೆ ಈ ಹೊರೆ ಸಣ್ಣದಲ್ಲ. ಬೇಡಿಕೆಯ ಸಾಂದ್ರತೆ ಕಡಿಮೆಯಾದಷ್ಟೂ ದೂರದ ಬೆಲೆ ಏರುತ್ತದೆಂಬ ಈ ಸರಳ ನಿಯಮವು ತಾಲ್ಲೂಕು ಮಟ್ಟದ ಎಲ್ಲ ಸಮಸ್ಯೆಗಳ ಬೇರಿನಲ್ಲಿದೆ.

ವಿಳಾಸದ ಸಮಸ್ಯೆ ಇನ್ನೊಂದು ಬಗೆಯದು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್ ಪದ್ಧತಿಯಲ್ಲಿ ಮೊದಲ ಮೂರು ಅಂಕಿಗಳು ಅಂಚೆ ವಿಂಗಡಣಾ ಜಿಲ್ಲೆಯನ್ನೂ ಉಳಿದ ಮೂರು ವಿತರಣಾ ಕಚೇರಿಯನ್ನೂ ಸೂಚಿಸುತ್ತವೆ. ರಾಯಚೂರಿಗೆ 584101, ದೇವದುರ್ಗಕ್ಕೆ 584111, ಮಾನ್ವಿಗೆ 584123. ಅಂತರ್ಜಾಲದ ಅಂಗಡಿಗಳು ಒಂದು ಊರಿಗೆ ಸೇವೆಯಿದೆಯೇ ಎಂಬುದನ್ನು ಈ ಸಂಖ್ಯೆಯ ಆಧಾರದಿಂದಲೇ ತೀರ್ಮಾನಿಸುತ್ತವೆ. ಆದರೆ ತಾಲ್ಲೂಕು ಕೇಂದ್ರದ ಸಂಖ್ಯೆಯೊಳಗೆ ಪಟ್ಟಣವೂ ಅದರ ಸುತ್ತಲಿನ ಹಳ್ಳಿಗಳೂ ಸೇರಿರುತ್ತವೆ. ಪಟ್ಟಣಕ್ಕೆ ಬರುವ ವಾಹನ ದೂರದ ಹಳ್ಳಿಗೂ ದೊಡ್ಡಿಗೂ ಹೋಗುವುದೆಂಬ ಖಾತರಿಯಿಲ್ಲ. ಮನೆಸಂಖ್ಯೆ, ಬೀದಿಯ ಹೆಸರುಗಳ ರೂಢಿ ಕಡಿಮೆಯಿರುವಲ್ಲಿ 'ಹನುಮಪ್ಪನ ಗುಡಿಯ ಹಿಂದೆ', 'ನೀರಿನ ಟಾಕಿಯ ಹತ್ತಿರ' ಎಂಬುದೇ ವಿಳಾಸ. ಊರಿನವರಿಗೆ ಇದು ಸಾಕು, ಯಂತ್ರಕ್ಕೆ ಸಾಲದು. ಅಂಚೆ ಇಲಾಖೆಯು 2025ರ ಮೇ ತಿಂಗಳಲ್ಲಿ ಹೊರತಂದ 'ಡಿಜಿಪಿನ್' ವ್ಯವಸ್ಥೆಯು ದೇಶವನ್ನು ಸುಮಾರು ನಾಲ್ಕು ಮೀಟರ್ ಚದರದ ಮನೆಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಹತ್ತು ಅಕ್ಷರಾಂಕಗಳ ಗುರುತನ್ನು ಕೊಡುತ್ತದೆ. ಇದು ಮನೆಯನ್ನು ಗುರುತಿಸಬಲ್ಲದು. ಆ ಮನೆಗೆ ವಾಹನವನ್ನು ಕಳುಹಿಸುವ ವೆಚ್ಚವನ್ನು ಮಾತ್ರ ಇಳಿಸಲಾರದು.

ಪ್ರಕೃತಿಯೂ ಸರಪಳಿಯನ್ನು ಕಡಿಯುತ್ತದೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೆಚ್ಚಿನ ನೀರು ಬಿಟ್ಟಾಗ ಹೂವಿನಹೆಡಗಿಯ ಸೇತುವೆ ಮುಳುಗಿ, ದೇವದುರ್ಗ–ಶಹಾಪುರ ಮಾರ್ಗ ಬಂದಾಗುತ್ತದೆ. 2019ರ ಆಗಸ್ಟ್‌ನ ಪ್ರವಾಹದಲ್ಲಿ ಹೀಗಾಯಿತು. ಉತ್ತರದ ದಾರಿ ಮುಚ್ಚಿದಾಗ ದೇವದುರ್ಗವು ರಾಯಚೂರಿನ ಕಡೆಯ ರಸ್ತೆಗಳನ್ನೇ ಅವಲಂಬಿಸಬೇಕಾಗುತ್ತದೆ.

ಮರಳುವ ಪಾರ್ಸೆಲ್ಲಿನ ಹೊರೆ

ಸ್ವೀಕೃತವಾಗದೆ ಮೂಲಸ್ಥಾನಕ್ಕೆ ಹಿಂದಿರುಗುವ ಪಾರ್ಸೆಲ್ಲನ್ನು ವ್ಯಾಪಾರಿಗಳು 'ಆರ್.ಟಿ.ಒ.' ಎಂದು ಕರೆಯುತ್ತಾರೆ. ನಗದು ಪಾವತಿಯ ವ್ಯವಹಾರದಲ್ಲಿ ಇದರ ಸಂಭವ ಹೆಚ್ಚು. ಕೇಳಿಕೆ ಸಲ್ಲಿಸಿದವನು ಹಣವನ್ನು ಮೊದಲೇ ತೊಡಗಿಸಿರುವುದಿಲ್ಲವಾದ್ದರಿಂದ ಮನಸ್ಸು ಬದಲಿಸುವುದು ಸುಲಭ. ಮನಸ್ಸು ಬದಲಾಗದಿದ್ದರೂ ಆ ದಿನ ಕೈಯಲ್ಲಿ ಹಣವಿಲ್ಲದಿರಬಹುದು, ಕುಟುಂಬ ಗುಳೆ ಹೋಗಿರಬಹುದು, ಫೋನು ಸಂಪರ್ಕಕ್ಕೆ ಸಿಗದಿರಬಹುದು. ಕೃಷಿಕನ ಕೈಗೆ ಹಣ ಬರುವುದು ಹತ್ತಿ ಬಿಡಿಸಿದ ಮೇಲೆ, ಭತ್ತ ಮಾರಿದ ಮೇಲೆ. ದಸರೆಯ ಹೊತ್ತಿಗೆ ನಡೆಯುವ ಅಂತರ್ಜಾಲದ ದೊಡ್ಡ ರಿಯಾಯಿತಿ ಮಾರಾಟಗಳು ಬರುವಾಗ ಹತ್ತಿಯ ಸುಗ್ಗಿ ಆಗತಾನೆ ಮೊದಲಾಗಿರುತ್ತದೆ.

ಇಲ್ಲಿ ಕಿರಾಣಿ ಅಂಗಡಿಯ ಉದ್ರಿ ಪದ್ಧತಿಯನ್ನು ಹೋಲಿಸಿ ನೋಡುವುದು ಉಪಯುಕ್ತ. ಮಾನ್ವಿಯ ಅಂಗಡಿಕಾರನು ಗಿರಾಕಿಯ ಹೊಲ, ಬೆಳೆ, ಮನೆತನವನ್ನು ಬಲ್ಲವನು. ಸುಗ್ಗಿಯವರೆಗೆ ಸಾಲ ಬರೆದಿಟ್ಟುಕೊಳ್ಳುತ್ತಾನೆ, ಅದರ ಬೆಲೆಯನ್ನು ವಸ್ತುವಿನ ದರದಲ್ಲಿ ಸೇರಿಸಿಕೊಳ್ಳುತ್ತಾನೆ. ಅಂತರ್ಜಾಲದ ವ್ಯಾಪಾರಿಗೆ ಈ ಪರಿಚಯವಿಲ್ಲ. ಅವನ ಬಳಿಯಿರುವುದು ಗ್ರಾಹಕನ ಹಿಂದಿನ ಖರೀದಿಗಳ ದಾಖಲೆ ಮಾತ್ರ. ಆದ್ದರಿಂದ ಅವನು ಪರಿಚಯದ ಬದಲಿಗೆ ನಿಯಮವನ್ನು ಬಳಸುತ್ತಾನೆ: ಕೆಲವು ಪಿನ್ ಕೋಡ್‌ಗಳಿಗೆ ನಗದು ಪಾವತಿಯನ್ನು ನಿಲ್ಲಿಸುವುದು, ಹೆಚ್ಚುವರಿ ಶುಲ್ಕ ವಿಧಿಸುವುದು, ಮುಂಗಡ ಪಾವತಿಗೆ ರಿಯಾಯಿತಿ ಕೊಡುವುದು. ಅಕ್ಕಪಕ್ಕದವರ ವರ್ತನೆಯಿಂದ ಪ್ರಾಮಾಣಿಕ ಗ್ರಾಹಕನೂ ತನ್ನ ಊರಿನ ಸಂಖ್ಯೆಯ ಕಾರಣಕ್ಕೆ ಸೌಲಭ್ಯ ಕಳೆದುಕೊಳ್ಳುವ ಸ್ಥಿತಿ ಇದರಿಂದ ಉಂಟಾಗುತ್ತದೆ.

ಹೊರೆಯ ಇನ್ನೊಂದು ಪಾಲು ವಿತರಣೆ ಮಾಡುವ ಯುವಕರ ಮೇಲೆ ಬೀಳುತ್ತದೆ. ಮುಟ್ಟಿಸಿದ ಪಾರ್ಸೆಲ್ಲಿಗೆ ಇಷ್ಟೆಂದು ಕೂಲಿ ಪಡೆಯುವಲ್ಲಿ, ಬಾಗಿಲಿಗೆ ಹೋಗಿ ಬರಿಗೈಯಲ್ಲಿ ಮರಳಿದ ಪಯಣದ ಪೆಟ್ರೋಲು ಅವರದೇ ಆಗುತ್ತದೆ. ಕರ್ನಾಟಕವು 2025ರಲ್ಲಿ ಜಾರಿಗೆ ತಂದ ಪ್ಲಾಟ್‌ಫಾರಂ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯು ಇಂತಹವರ ನೋಂದಣಿ, ಕಲ್ಯಾಣ ಮಂಡಳಿ ಮತ್ತು ಕಾರ್ಮಿಕನಿಗೆ ಸಲ್ಲುವ ಪಾವತಿಯ ಶೇಕಡಾ 1ರಿಂದ 5ರವರೆಗಿನ ಕಲ್ಯಾಣ ಶುಲ್ಕಕ್ಕೆ ಅವಕಾಶ ಕಲ್ಪಿಸಿದೆ. ಬೆಂಗಳೂರಿನ ಆಹಾರ ವಿತರಕರನ್ನು ಕುರಿತು ನಡೆದಷ್ಟು ಚರ್ಚೆ ತಾಲ್ಲೂಕು ಊರುಗಳ ಪಾರ್ಸೆಲ್ ವಿತರಕರನ್ನು ಕುರಿತೂ ನಡೆಯುವುದು ಅಗತ್ಯ.

ಮಾರುವವರಾಗಿ ರಾಯಚೂರಿನವರು

ಇದುವರೆಗೆ ಕೊಳ್ಳುವ ಪಕ್ಷವನ್ನು ನೋಡಿದ್ದಾಯಿತು. ಇದೇ ದಾರಿಯಲ್ಲಿ ಜಿಲ್ಲೆಯ ಸರಕು ಹೊರಹೋಗಬಲ್ಲದೇ ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ಜಿಲ್ಲೆಯ ಸೋನಾ ಮಸೂರಿ ಅಕ್ಕಿಗೆ ದಕ್ಷಿಣ ಭಾರತದಲ್ಲೆಲ್ಲ ಬೇಡಿಕೆಯಿದೆ. ಸಗಟು ಮಾರಾಟದ ಮಟ್ಟದಲ್ಲಿ ಕರ್ನಾಟಕವು 2014ರಲ್ಲಿಯೇ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿ, ಕೃಷಿ ಮಾರುಕಟ್ಟೆಗಳ ಟೆಂಡರನ್ನು ಗಣಕಕ್ಕೆ ತಂದಿತು. 2016ರ ಏಪ್ರಿಲ್ 14ರಂದು ಆರಂಭವಾದ ರಾಷ್ಟ್ರೀಯ ಇ-ನಾಮ್ ಯೋಜನೆಗಿಂತ ಇದು ಎರಡು ವರ್ಷ ಹಿಂದಿನದು. ಆದರೆ ಚೀಲ ಕಟ್ಟಿ, ಹೆಸರು ಅಚ್ಚುಹಾಕಿ, ನೇರವಾಗಿ ಬಳಕೆದಾರನಿಗೆ ಮಾರುವ ಹಂತದಲ್ಲಿ ತೆರಿಗೆಯ ನಿಯಮಗಳು ಎದುರಾಗುತ್ತವೆ.

2022ರ ಜುಲೈ 18ರಿಂದ 25 ಕಿಲೋಗ್ರಾಂವರೆಗಿನ, ಮೊದಲೇ ಪೊಟ್ಟಣಕಟ್ಟಿ ಚೀಟಿ ಹಚ್ಚಿದ ಅಕ್ಕಿಗೆ ಶೇಕಡಾ 5ರ ಜಿ.ಎಸ್.ಟಿ. ಅನ್ವಯವಾಯಿತು. ಅದಕ್ಕಿಂತ ದೊಡ್ಡ ಚೀಲಕ್ಕೆ ತೆರಿಗೆಯಿಲ್ಲ. ಪರಿಣಾಮವಾಗಿ ಮಾರುಕಟ್ಟೆಗೆ 26 ಕಿಲೋಗ್ರಾಂ ಚೀಲ ಬಂದಿತು. ಅಂಗಡಿಯಲ್ಲಿ ಹಮಾಲನ ಬೆನ್ನೇರುವ ಈ ಚೀಲ, ಒಬ್ಬ ವಿತರಕ ಬೈಕಿನ ಮೇಲೆ ಒಯ್ಯಲು ಸುಲಭವಾದುದಲ್ಲ. ಐದು ಕಿಲೋಗ್ರಾಂ ಪೊಟ್ಟಣ ಒಯ್ಯಲು ಸುಲಭ, ಆದರೆ ಅದಕ್ಕೆ ತೆರಿಗೆಯೂ ಪೊಟ್ಟಣದ ವೆಚ್ಚವೂ ಸೇರುತ್ತವೆ. ತೂಕ ಹೆಚ್ಚು, ಬೆಲೆ ಕಡಿಮೆಯಾದ ಸರಕು ಅಂತರ್ಜಾಲದ ಚಿಲ್ಲರೆ ವ್ಯಾಪಾರಕ್ಕೆ ಒಗ್ಗುವುದು ಏಕೆ ಕಷ್ಟವೆಂಬುದನ್ನು ಈ ಒಂದು ಕಿಲೋಗ್ರಾಂನ ವ್ಯತ್ಯಾಸವೇ ತೋರಿಸುತ್ತದೆ.

ತೆರಿಗೆಗೊಳಪಡುವ ಇತರ ವಸ್ತುಗಳ ಸಣ್ಣ ಮಾರಾಟಗಾರರಿಗೆ ಬೇರೊಂದು ತೊಡಕಿತ್ತು. ಕರ್ನಾಟಕದಲ್ಲಿ ವಾರ್ಷಿಕ 40 ಲಕ್ಷ ರೂಪಾಯಿವರೆಗೆ ವಹಿವಾಟಿರುವ ಸರಕು ವ್ಯಾಪಾರಿಗೆ ಅಂಗಡಿಯಲ್ಲಿ ಮಾರಲು ನೋಂದಣಿ ಬೇಕಿಲ್ಲದಿದ್ದರೂ, ಅಂತರ್ಜಾಲದ ವೇದಿಕೆಯಲ್ಲಿ ಮಾರಲು ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಈ ನಿರ್ಬಂಧ ಸಡಿಲವಾಯಿತು. ಆದರೆ ಸಡಿಲಿಕೆಗೆ ಒಂದು ಷರತ್ತಿದೆ: ಮಾರಾಟವು ರಾಜ್ಯದ ಒಳಗೇ ನಡೆಯಬೇಕು. ಮೈಸೂರಿನ ಸಣ್ಣ ವ್ಯಾಪಾರಿಗೆ ಈ ಷರತ್ತು ಅಷ್ಟಾಗಿ ಬಾಧಿಸದು. ರಾಯಚೂರಿನವನಿಗೆ ಹಾಗಲ್ಲ. ನೋಂದಣಿಯಿಲ್ಲದ ದೇವದುರ್ಗದ ಮಾರಾಟಗಾರನು ನೂರಾರು ಕಿಲೋಮೀಟರ್ ದೂರದ ಮಂಗಳೂರಿಗೆ ವೇದಿಕೆಯ ಮೂಲಕ ಮಾರಬಹುದು, ಹೊಳೆಯಾಚೆಯ ತೆಲಂಗಾಣಕ್ಕೆ ಮಾರುವಂತಿಲ್ಲ. ಗಡಿ ಜಿಲ್ಲೆಯ ಸಹಜ ಮಾರುಕಟ್ಟೆಯೇ ನಿಯಮದ ಹೊರಗೆ ಉಳಿದಿದೆ.

ವೇದಿಕೆಗಳ ವ್ಯವಹಾರ ಕ್ರಮ

ವಿದೇಶಿ ಬಂಡವಾಳವಿರುವ ಸಂಸ್ಥೆಗಳು ಭಾರತದಲ್ಲಿ ತಮ್ಮದೇ ಸರಕನ್ನು ನೇರವಾಗಿ ಮಾರುವಂತಿಲ್ಲ. 2016ರ ನೀತಿಯಂತೆ ಅವು ಮಾರುವವರನ್ನೂ ಕೊಳ್ಳುವವರನ್ನೂ ಕೂಡಿಸುವ ಸಂತೆಯಾಗಿ ಮಾತ್ರ ಇರಬೇಕು. 2019ರ ಫೆಬ್ರವರಿಯಿಂದ ಈ ನಿಯಮ ಇನ್ನಷ್ಟು ಬಿಗಿಯಾಯಿತು. ಸಂತೆಯ ಹೋಲಿಕೆ ಇಲ್ಲಿ ಸೂಕ್ತವಾದರೂ ಒಂದು ಭೇದವುಂಟು. ಊರ ಸಂತೆಯಲ್ಲಿ ಜಕಾತಿ ಕೊಟ್ಟವನಿಗೆ ಜಾಗ ಸಿಗುತ್ತದೆ, ಗಿರಾಕಿ ನಡೆದಾಡಿ ಆರಿಸಿಕೊಳ್ಳುತ್ತಾನೆ. ಅಂತರ್ಜಾಲದ ಸಂತೆಯಲ್ಲಿ ಯಾರ ಅಂಗಡಿ ಮೊದಲು ಕಾಣಬೇಕೆಂಬುದನ್ನು ವೇದಿಕೆಯೇ ನಿರ್ಧರಿಸುತ್ತದೆ. ಕೆಲವು ಮಾರಾಟಗಾರರಿಗೆ ಆದ್ಯತೆ ದೊರೆಯುತ್ತಿದೆಯೆಂಬ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗಳ ಬಗ್ಗೆ ತನಿಖೆಗೆ ಆದೇಶಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ತಿರಸ್ಕರಿಸಿತು.

ಗ್ರಾಹಕರ ಪಾಲಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು 2020ರ ಇ-ವಾಣಿಜ್ಯ ನಿಯಮಗಳು ಮಹತ್ವದವು. ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿರುವುದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸುವ ಅಧಿಕಾರಿಯನ್ನು ವೇದಿಕೆಗಳು ನೇಮಿಸಬೇಕು. ಇದಕ್ಕಿಂತ ಮುಖ್ಯವಾದುದು ದಾವೆಯ ಸ್ಥಳವನ್ನು ಕುರಿತ ಬದಲಾವಣೆ. 1986ರ ಹಳೆಯ ಕಾಯ್ದೆಯು ಎದುರುದಾರನಿರುವ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಸ್ಥಳವನ್ನು ಆಧಾರವಾಗಿಸಿತ್ತು. ಹೊಸ ಕಾಯ್ದೆಯಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಮಾನ್ವಿಯ ಕೊಳ್ಳುಗನು ಇದಕ್ಕಾಗಿ ಬೆಂಗಳೂರಿಗೂ ಗುರುಗ್ರಾಮಕ್ಕೂ ಹೋಗಬೇಕಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ಕರೆ ಮಾಡಿ ಪರಿಹಾರ ಕೇಳಲೂ ಅವಕಾಶವಿದೆ. ಈ ವ್ಯಾಪಾರದಲ್ಲಿ ದೂರದ ಹೊರೆಯನ್ನು ದುರ್ಬಲನ ಹೆಗಲಿನಿಂದ ಇಳಿಸಿದ ಅಪರೂಪದ ಕ್ರಮಗಳಲ್ಲಿ ಇದೂ ಒಂದು.

ಪರ್ಯಾಯದ ಸಾಧ್ಯತೆಗಳು

ಕೊನೆಯ ಹಂತದ ವೆಚ್ಚವನ್ನು ಇಳಿಸಲು ಹೊಸ ವಾಹನಗಳಿಗಿಂತ ಈಗಾಗಲೇ ಓಡುತ್ತಿರುವ ವಾಹನಗಳೇ ಹೆಚ್ಚು ನೆರವಾಗಬಲ್ಲವು. ರಾಯಚೂರಿನಿಂದ ದೇವದುರ್ಗ, ಮಾನ್ವಿಗಳಿಗೆ ಸರ್ಕಾರಿ ಬಸ್ಸುಗಳು ದಿನವಿಡೀ ಸಂಚರಿಸುತ್ತವೆ. ರಾಜ್ಯದ ಸಾರಿಗೆ ನಿಗಮಗಳು 2021ರಲ್ಲಿ ಆರಂಭಿಸಿದ 'ನಮ್ಮ ಕಾರ್ಗೋ' ಸೇವೆಯು ಈ ಬಸ್ಸುಗಳಲ್ಲಿ ಪಾರ್ಸೆಲ್ ಸಾಗಿಸುವ ಹಳೆಯ ರೂಢಿಗೆ ವ್ಯವಸ್ಥಿತ ರೂಪ ಕೊಟ್ಟಿದೆ. ಹಳ್ಳಿಯ ಶಾಖಾ ಅಂಚೆ ಕಚೇರಿಯ ಸಿಬ್ಬಂದಿಗೆ ಪ್ರತಿ ಮನೆಯ ಪರಿಚಯವಿದೆ. ಕಿರಾಣಿ ಅಂಗಡಿಗಳನ್ನೇ ವಿತರಣಾ ಕೇಂದ್ರವಾಗಿಸುವ ಕ್ರಮವನ್ನು ಅಮೆಜಾನ್, ಫ್ಲಿಪ್‌ಕಾರ್ಟ್ ಎರಡೂ ಅನುಸರಿಸಿವೆ. ಗ್ರಾಹಕನು ಸಂತೆಯ ದಿನ ಬಂದಾಗ ಪರಿಚಿತ ಅಂಗಡಿಯಿಂದ ತನ್ನ ಪಾರ್ಸೆಲ್ ಒಯ್ಯುವಂತಾದರೆ, ಬಾಗಿಲು ಬಾಗಿಲಿಗೆ ಅಲೆಯುವ ವೆಚ್ಚವೂ ಮರಳುವ ಪಾರ್ಸೆಲ್ಲುಗಳೂ ಕಡಿಮೆಯಾಗುವ ಸಂಭವವಿದೆ.

2021ರ ಡಿಸೆಂಬರ್‌ನಲ್ಲಿ ಸ್ಥಾಪನೆಗೊಂಡು, 2022ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ ಐದು ನಗರಗಳಲ್ಲಿ ಪ್ರಯೋಗಾರ್ಥ ಆರಂಭವಾದ ಓ.ಎನ್.ಡಿ.ಸಿ. ಜಾಲವು ಸಣ್ಣ ವ್ಯಾಪಾರಿಯನ್ನು ಒಂದೇ ವೇದಿಕೆಯ ಹಿಡಿತದಿಂದ ಬಿಡಿಸುವ ಉದ್ದೇಶ ಹೊಂದಿದೆ. ಮಾರಾಟ, ಖರೀದಿ, ಸಾಗಾಟಗಳನ್ನು ಬೇರೆ ಬೇರೆ ಸಂಸ್ಥೆಗಳು ನಿರ್ವಹಿಸಬಹುದಾದ ಈ ಕ್ರಮದಲ್ಲಿ ಸ್ಥಳೀಯ ಬಸ್ಸಿಗೂ ಅಂಚೆಗೂ ಅವಕಾಶ ದೊರೆಯಬಹುದು. ಆದರೆ ಸಣ್ಣ ವ್ಯಾಪಾರಿಗೆ ಗಣಕೀಕೃತ ವ್ಯವಹಾರದಲ್ಲಿ ವಿಶ್ವಾಸ ಮೂಡುವುದು ಅಗತ್ಯ. 2025ರ ಜುಲೈಯಲ್ಲಿ ಯು.ಪಿ.ಐ. ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸುಗಳು ಬಂದಾಗ, ಹಲವರು ಕ್ಯೂಆರ್ ಫಲಕಗಳನ್ನೇ ತೆಗೆದಿಟ್ಟು ನಗದಿಗೆ ಮರಳಿದ್ದನ್ನು ಈ ಸಂದರ್ಭದಲ್ಲಿ ನೆನೆಯಬಹುದು.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಅಂತರ್ಜಾಲ ಚಿಲ್ಲರೆ ವ್ಯಾಪಾರವು ದೇವದುರ್ಗ, ಮಾನ್ವಿಗಳಂತಹ ಊರುಗಳ ಗ್ರಾಹಕರಿಗೆ ನಗರವಾಸಿಗಳಷ್ಟೇ ವಿಸ್ತಾರವಾದ ಆಯ್ಕೆಯನ್ನು ಒದಗಿಸಿದೆ. ಇದು ನಿಜವಾದ ಲಾಭ. ಆದರೆ ದೂರದ ವೆಚ್ಚ ಇಲ್ಲವಾಗಿಲ್ಲ. ಅದು ಸೌಲಭ್ಯ ಕಳೆದುಕೊಂಡ ಗ್ರಾಹಕ, ಬರಿಗೈಯಲ್ಲಿ ಮರಳುವ ವಿತರಕ, ಮರಳಿದ ಪಾರ್ಸೆಲ್ಲಿನ ನಷ್ಟ ಹೊರುವ ಸಣ್ಣ ಮಾರಾಟಗಾರ, ಉದ್ರಿ ಕೊಟ್ಟು ಕಾದು ಕುಳಿತ ಕಿರಾಣಿ ಅಂಗಡಿಕಾರ ಇವರ ನಡುವೆ ಹಂಚಿಹೋಗಿದೆ. 1871ರಲ್ಲಿ ರೈಲು ರಾಯಚೂರಿಗೆ ಬಂದಾಗ ಅದರ ಲಾಭವು ಗಂಜ್‌ನಲ್ಲಿ ನಿಂತಿತು, ತಾಲ್ಲೂಕುಗಳು ಕಾದವು. ಹೊಸ ವ್ಯಾಪಾರವೂ ಅದೇ ಎಡೆಯಲ್ಲಿ ನಿಲ್ಲದಿರಬೇಕಾದರೆ ಸಾರಿಗೆ, ಅಂಚೆ ಮತ್ತು ತೆರಿಗೆಯ ನೀತಿಗಳು ಗಡಿ ಜಿಲ್ಲೆಯ ಭೂಗೋಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದೇವದುರ್ಗಕ್ಕೆ ಪಾರ್ಸೆಲ್ ತಂದ ವಾಹನವು ಮರಳುವಾಗ ಆ ನೆಲದ ಸರಕನ್ನು ಹೇರಿಕೊಂಡು ಹೊರಟರೆ, ಅದೇ ಐವತ್ತೈದು ಕಿಲೋಮೀಟರಿನ ವೆಚ್ಚ ಎರಡು ಕಡೆಯ ವ್ಯಾಪಾರಕ್ಕೆ ಹಂಚಿಕೆಯಾಗಿ ಹಗುರಾಗುತ್ತದೆ.